ನೀರಿಗಿಳಿಯುವ ಗಾಡಿ ಮತ್ತು ಅದರ ತಳದ ಪಂಪು



2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ಪಂಜಾಬಿನ ಸಟ್ಲೆಜ್, ಬಿಯಾಸ್ ಮತ್ತು ರಾವಿ ನದಿಗಳು ಉಕ್ಕಿ ಹರಿದವು. ಆ ರಾಜ್ಯದ 23 ಜಿಲ್ಲೆಗಳನ್ನೂ ಪ್ರವಾಹಪೀಡಿತವೆಂದು ಸಾರಬೇಕಾಯಿತು. ಅಮೃತಸರ ಜಿಲ್ಲೆಯ ಮುಳುಗಿದ ಹಳ್ಳಿಗಳಿಂದ ಜನರನ್ನು ಹೊರತರಲು ಸೇನೆಯವರು ನೆಲದ ಮೇಲೂ ನೀರಿನ ಮೇಲೂ ಚಲಿಸುವ ‘ಎಟಿಒಆರ್ ಎನ್1200’ ಎಂಬ ಆಳೆತ್ತರದ ಚಕ್ರದ ಗಾಡಿಯನ್ನು ಇಳಿಸಿದ ಚಿತ್ರಗಳನ್ನು ನೀವೂ ನೋಡಿರಬಹುದು. ಮರುತಿಂಗಳೇ ನಮ್ಮ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹೊಲಗಳಿಗೆ ನುಗ್ಗಿತು. ಇಂಥ ಗಾಡಿ ನಮ್ಮ ತಾಲ್ಲೂಕಿಗೂ ಒಂದು ಬರಬಾರದೇ ಎಂದು ನದಿತೀರದ ರೈತರು ಕೇಳುವುದು ಸಹಜವೇ.

ಬಂದರೆ ಒಳ್ಳೆಯದು. ಆದರೆ ಲೆಕ್ಕ ನೋಡಿ. ಪತ್ರಿಕಾ ವರದಿಗಳ ಪ್ರಕಾರ ಸೇನೆ 96 ಗಾಡಿಗಳಿಗೆ ಸುಮಾರು 250 ಕೋಟಿ ರೂಪಾಯಿ ವೆಚ್ಚ ಮಾಡಿದೆ; ಒಂದಕ್ಕೆ ಎರಡೂವರೆ ಕೋಟಿಗೂ ಮೇಲಾಯಿತು. ನೀರಿನಲ್ಲಿ ಇದರ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್, ಅಂದರೆ ಅವಸರದಲ್ಲಿ ನಡೆಯುವ ಮನುಷ್ಯನಷ್ಟು. ಹೊಳೆಯ ನಡುಸೆಳವು ಅದಕ್ಕಿಂತ ಜೋರಾಗಿದ್ದರೆ ಗಾಡಿ ಹೋಗುವುದು ನೀರು ಒಯ್ದ ಕಡೆಗೇ. ಹೊಲದಲ್ಲಿ, ಊರ ಬೀದಿಯಲ್ಲಿ ನಿಂತ ನೀರಿಗೆ ಇದು ತಕ್ಕ ಸಾಧನ. ತುಂಬಿದ ಹೊಳೆ ದಾಟುವುದಕ್ಕಲ್ಲ.

ಬೆಲೆ, ವೇಗಗಳಿಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಳಗೆ ಸೇರುವ ನೀರನ್ನು ಹೊರಹಾಕುವವರು ಯಾರು?

ಕೆನಡಾ ದೇಶದಲ್ಲಿ 1967ರಿಂದ ತಯಾರಾಗುತ್ತಿರುವ ‘ಆರ್ಗೋ’ ಎಂಬ ಆರೆಂಟು ಚಕ್ರದ ಸಣ್ಣ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೈ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಂತೆ. ಚಕ್ರಗಳ ಅಚ್ಚುಗಳು ಆ ತೊಟ್ಟಿಯನ್ನು ತೂರಿಕೊಂಡೇ ಹೊರಬರಬೇಕು. ಅದೂ ನೀರಿನ ಮಟ್ಟಕ್ಕಿಂತ ಕೆಳಗೆ. ಪ್ರತಿ ಅಚ್ಚಿಗೂ ಗ್ರೀಸು ತುಂಬಿದ ಸೀಲು ಇರುತ್ತದೆ. ಕೆಸರು, ಮರಳು ಸಿಕ್ಕಿ ಸೀಲು ಸವೆದರೆ ಅಲ್ಲಿಂದ ನೀರು ಜಿನುಗುತ್ತದೆ. ನೂರು ಲೀಟರು ಸೇರಿದರೆ ಒಂದು ಕ್ವಿಂಟಾಲು ಭಾರ. ಭಾರಕ್ಕಿಂತಲೂ ಅಪಾಯ ಅದರ ಹೊರಳಾಟದ್ದು. ಅರ್ಧ ತುಂಬಿದ ಟ್ಯಾಂಕರನ್ನು ಟ್ರ್ಯಾಕ್ಟರಿಗೆ ಕಟ್ಟಿ ಓಡಿಸಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಗಾಡಿ ಒಂದು ಮಗ್ಗುಲಿಗೆ ವಾಲಿದರೆ ಒಳಗಿನ ನೀರೆಲ್ಲ ಅದೇ ಮಗ್ಗುಲಿಗೆ ಓಡಿ ಮಗುಚಿಹಾಕುತ್ತದೆ.

ಇದಕ್ಕಾಗಿಯೇ ತಳದ ಪಂಪು. ಇದು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಬ್‌ಮರ್ಸಿಬಲ್. ಸಾಮಾನ್ಯ ಅಳತೆಯದು ಗಂಟೆಗೆ ಸುಮಾರು 1,900 ಲೀಟರು ಎತ್ತುತ್ತದೆಂದು ಬರೆದಿರುತ್ತದೆ. ಎತ್ತರಕ್ಕೆ ದೂಡಬೇಕಾದಾಗ ಅಷ್ಟು ಬರುವುದಿಲ್ಲ, ನಿಮ್ಮ ಬಾವಿಯ ಪಂಪಿನ ಹಾಗೆಯೇ. ಮೇಲೆ ಕುಳಿತು ನೀರನ್ನು ಹೀರುವ ಜಾತಿ ಇದಲ್ಲ, ನೀರಿನಲ್ಲೇ ಕೂರಬೇಕು. ಆದ್ದರಿಂದ ತೀರ ತಗ್ಗಿನ ಜಾಗ ಬೇಕು. ಯಾವುದು ತಗ್ಗು? ಅಂಗಳದಲ್ಲಿ ನಿಂತಾಗಿನ ತಗ್ಗಲ್ಲ. ಜನ ಹತ್ತಿ ನೀರಿನಲ್ಲಿ ತೇಲುವಾಗಿನ ತಗ್ಗು. ಹಿಂದೆ ನಾಲ್ಕು ಜನ ಕುಳಿತರೆ ಹಿಂಭಾಗ ಇಳಿಯುತ್ತದೆ, ನೀರೂ ಅಲ್ಲಿಗೇ ಬರುತ್ತದೆ. ಪಂಪನ್ನು ಕೂರಿಸಲು ತಳಕ್ಕೆ ತೂತು ಹೊಡೆದು ಸ್ಕ್ರೂ ಬಿಗಿಯುವವರಿದ್ದಾರೆ. ಸೋರದಿರಲೆಂದು ಪಂಪು ತಂದು ತಾವೇ ತೂತು ಮಾಡಿದಂತಾಯಿತು! ಪಟ್ಟಿಯನ್ನು ಅಂಟಿನಿಂದ ಕೂರಿಸಿ ಅದಕ್ಕೆ ಪಂಪನ್ನು ಬಿಗಿಯುವುದು ಕ್ಷೇಮ.

ನೀರು ಹೊರಬೀಳುವ ಬಾಯಿ, ಗಾಡಿ ಪೂರ್ತಿ ಭಾರ ಹೊತ್ತಾಗಲೂ ಹೊರಗಿನ ನೀರಿಗಿಂತ ಸಾಕಷ್ಟು ಮೇಲಿರಬೇಕು. ಪೈಪನ್ನು ಕೊಕ್ಕರೆಯ ಕತ್ತಿನಂತೆ ಮೇಲಕ್ಕೆ ಬಳಸಿ ಆಮೇಲೆ ಹೊರಬಿಡಿ. ಇಲ್ಲದಿದ್ದರೆ ಬಾಯಿ ಮುಳುಗಿದಾಗ ಪಂಪು ನಿಂತರೆ, ಬ್ಯಾರೆಲಿನಿಂದ ಪೈಪಿನಲ್ಲಿ ಡೀಸೆಲ್ ಇಳಿಸುವಂತೆ, ಹೊಳೆಯ ನೀರೇ ಅದೇ ದಾರಿಯಲ್ಲಿ ಒಳಗೆ ಇಳಿಯುತ್ತದೆ. ಹಿಂದಕ್ಕೆ ಬಿಡದ ವಾಲ್ವು ಹಾಕಿದರೆ ಸಾಲದೇ ಎಂದರೆ, ಸಾಲದು. ಒಂದು ಹುಲ್ಲಿನ ಕಡ್ಡಿ ಸಿಕ್ಕಿದರೆ ಅದು ಮುಚ್ಚುವುದಿಲ್ಲ.

ವಿದ್ಯುತ್ತನ್ನು ಎಂಜಿನ್ನಿನ ಕೀಲಿಯ ಮೂಲಕ ಕೊಡಬೇಡಿ. ಎಂಜಿನ್ನು ಕೆಟ್ಟಾಗಲೇ ಪಂಪಿನ ಅಗತ್ಯ ಹೆಚ್ಚು. ಬ್ಯಾಟರಿಯಿಂದ ನೇರ ತಂತಿ, ಬ್ಯಾಟರಿಯ ಪಕ್ಕದಲ್ಲೇ ತಯಾರಕರು ಹೇಳಿದ ಅಳತೆಯ ಫ್ಯೂಸು, ನೀರು ಏರಿದೊಡನೆ ತಾನಾಗಿ ಹಾಕಿಕೊಳ್ಳುವ ತೇಲುವ ಸ್ವಿಚ್ಚು, ಜೊತೆಗೆ ಚಾಲಕನ ಕೈಗೆಟಕುವ ಇನ್ನೊಂದು ಸ್ವಿಚ್ಚು. ತಂತಿಯ ಜೋಡಣೆಗಳನ್ನು ಬೆಸುಗೆ ಹಾಕಿ, ಮುಚ್ಚಿ, ಮೇಲ್ಗಡೆಯೇ ಇಡಬೇಕು.

ಪಂಪಿದೆಯೆಂದು ಮೈಮರೆಯುವಂತಿಲ್ಲ. ತಳದಲ್ಲಿ ನೀರು ಬಿಡುವ ಒಂದು ಅಂಗುಲದ ತೂತಿನ ಬಿರಡೆಯನ್ನು ಹಾಕಲು ಮರೆತು, ಅದು ನೀರಿನ ಮಟ್ಟದಿಂದ ಒಂದಡಿ ಕೆಳಗಿದ್ದರೆ ಗಂಟೆಗೆ ಎರಡೂವರೆ ಸಾವಿರ ಲೀಟರು ಒಳನುಗ್ಗುತ್ತದೆ. ಮೇಲೆ ಹೇಳಿದ ಪಂಪು ಅಲ್ಲಿ ಸೋಲುತ್ತದೆ.

ಕೋಟಿ ಬೆಲೆಯ ಗಾಡಿ ಎಲ್ಲ ಹಳ್ಳಿಗೂ ಬರಲಾರದು. ಆದರೆ ಮೋಟಾರು ಕಟ್ಟಿದ ಫೈಬರ್ ದೋಣಿ ನಿಮ್ಮೂರಲ್ಲಿದ್ದರೆ ಇದೇ ಪಂಪನ್ನು ಇದೇ ಕ್ರಮದಲ್ಲಿ ಅದಕ್ಕೂ ಕೂರಿಸಬಹುದು. ಊರಿನ ಎಲೆಕ್ಟ್ರಿಷಿಯನ್ ಮಾಡುವಷ್ಟು ಕೆಲಸ. ಹರಿಗೋಲಿಗೆ ತಗಡಿನ ಡಬ್ಬಿಯೇ ಸಾಕು, ಅದನ್ನು ಮಾತ್ರ ಹಗ್ಗದಿಂದ ಕಟ್ಟಿಡಿ. ಮುಂಗಾರಿಗೆ ಮೊದಲು ಗ್ರಾಮ ಪಂಚಾಯಿತಿಯವರ ಎದುರಿನಲ್ಲೇ ದೋಣಿಯೊಳಗೆ ಐದಾರು ಕೊಡ ನೀರು ಸುರಿದು, ಪಂಪು ತಾನಾಗಿ ಓಡುತ್ತದೆಯೇ ಎಂದು ನೋಡಿ. ಜರಡಿಯಲ್ಲಿ ಸಿಕ್ಕ ಕಸವನ್ನು ಪ್ರತಿ ಸಲವೂ ತೆಗೆಯಿರಿ. ದಡಕ್ಕೆ ತಂದ ಮೇಲೆ ಬಿರಡೆ ಬಿಚ್ಚಿ ನೀರು ಬಸಿದು, ಆ ಬಿರಡೆಯನ್ನು ಮೋಟಾರಿನ ಹಿಡಿಗೇ ದಾರದಿಂದ ನೇತುಹಾಕಿ. ಮುಂದಿನ ಸಲ ಮೋಟಾರು ಮುಟ್ಟುವವನ ಕೈಗೆ ಅದು ಮೊದಲು ಸಿಗಲಿ.