ಡಿಎಸ್‌ಎಲ್‌ಆರ್ ಇದ್ರೆ ಮಾತ್ರ ಎಂಟ್ರಿನಾ?

1/4 · ಹಾಸನ

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಫೆಸ್ಟಿನ ಪೋಸ್ಟರ್ ಬಂತು. ಫೋಟೋಗ್ರಫಿ ಕಾಂಪಿಟಿಷನ್, ವಿಷಯ 'ನಮ್ಮೂರ ಬದುಕು'. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಮಾತ್ರ, ಮೊಬೈಲ್ ಫೋಟೋ ತಗೊಳ್ಳಲ್ಲ. ಯಾವ ಕಾಲೇಜು ಅಂತ ಹೇಳಲ್ಲ, ಕಾಮೆಂಟಲ್ಲೂ ಊಹೆ ಮಾಡ್ಬೇಡಿ.

ಅರಕಲಗೂಡು ಕಡೆಯ ನನ್ನ ಕ್ಲಾಸ್‌ಮೇಟ್ ಒಬ್ಳು ಒಂದು ಫೋಟೋ ಕಳಿಸ್ಬೇಕು ಅಂತ ರೆಡಿ ಮಾಡಿ ಇಟ್ಕೊಂಡಿದ್ಳು. ಆ ಸಾಲು ಓದಿ, "ಬಿಡು, ನಮ್ದು ಬರೀ ಮೊಬೈಲ್ ಫೋಟೋ" ಅಂದು ಸುಮ್ನಾದ್ಳು. ಅವತ್ತಿಂದ ಅವಳು ಗ್ರೂಪಲ್ಲಿ ಒಂದು ಫೋಟೋನೂ ಹಾಕಿಲ್ಲ.

ಈ ರೂಲ್ ತಪ್ಪು ಅಂತ ಹೇಳೋಕೇ ಇದನ್ನ ಬರೀತಿದೀನಿ. ಆದ್ರೆ "ಕ್ಯಾಮೆರಾ ಮುಖ್ಯ ಅಲ್ಲ ಗುರು, ಕಣ್ಣು ಮುಖ್ಯ" ಅಂತ ಡೈಲಾಗ್ ಹೊಡೆದು ಮುಗಿಸೋಕೆ ನಂಗಿಷ್ಟ ಇಲ್ಲ. ಅದೂ ಪೂರ್ತಿ ನಿಜ ಅಲ್ಲ.

ಮೊದಲು ಹಳೇಬೀಡು ನೋಡಿ. ಹೊಯ್ಸಳೇಶ್ವರ ದೇವಸ್ಥಾನದ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಎಲ್ರೂ ಫೋಟೋ ತೆಗೆಯೋ ಶಿಲ್ಪಗಳ ಹಿಂಗೋಡೆ ಇರೋದು ಪಶ್ಚಿಮಕ್ಕೆ. ಬೆಳಗ್ಗೆ 8ಕ್ಕೆ ಹೋದ್ರೆ ಆ ಗೋಡೆ ಪೂರಾ ನೆರಳು, ಯಾವ ಲೆನ್ಸ್ ಹಾಕಿದ್ರೂ ಕೆತ್ತನೆ ಚಪ್ಪಟೆ ಕಾಣುತ್ತೆ. ಮಧ್ಯಾಹ್ನ ದಾಟಿ ಬಿಸಿಲು ಗೋಡೆ ಸವರ್ಕೊಂಡು ಬೀಳೋ ಹೊತ್ತಿಗೆ ಹೋಗಿ. ಶಿಲ್ಪದ ಕೊರಳಿನ ಸರದ ಒಂದೊಂದು ಮಣಿಗೂ ಅದರದ್ದೇ ನೆರಳು ಬಿದ್ದಿರುತ್ತೆ. ಸ್ವೈಪ್ ಮಾಡಿ, 1 ಮತ್ತು 2ನೇ ಫೋಟೋ ಒಂದೇ ಶಿಲ್ಪ, ಒಂದೇ ಫೋನು. ಬದಲಾಗಿದ್ದು ಟೈಮ್ ಮಾತ್ರ.

ಅಂದಹಾಗೆ, ದುಬಾರಿ ಟ್ರೈಪಾಡ್ ಹೊತ್ಕೊಂಡು ಹೋಗ್ಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಪರ್ಮಿಷನ್ ಬೇಕು.

2/4 · ಹೊಳೆನರಸೀಪುರ

ನಮ್ಮ ಮಾವನ ಹತ್ರ ಒಂದು 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಬೇಸಿಗೆ ರಜೆಯಲ್ಲಿ ಅದನ್ನ ಇಸ್ಕೊಂಡು ಹೊಳೆನರಸೀಪುರಕ್ಕೆ ಹೋದೆ, ಹೇಮಾವತಿ ದಡಕ್ಕೆ. ಹನ್ನೊಂದು ಗಂಟೆ ಬಿಸಿಲಲ್ಲಿ ಕ್ಯಾಮೆರಾದಲ್ಲಿ ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಸುಮ್ನೆ ವಾಕಿಂಗ್ ಹೋದಾಗ ಫೋನಲ್ಲಿ ಐದು ತೆಗೆದೆ. ನೀವೆಲ್ಲ ಲೈಕ್ ಮಾಡಿ "ಯಾವ ಕ್ಯಾಮೆರಾ?" ಅಂತ ಕೇಳಿದ್ರಲ್ಲ, ಅದು ಆ ಐದರಲ್ಲಿ ಒಂದು.

ನಾನು ಮಾಡಿದ್ದು ಇಷ್ಟೇ. ಬಟ್ಟೆ ಒಗೀತಿದ್ದ ಅಜ್ಜಿಯನ್ನ ಮಾತಾಡಿಸಿ, ಒಂದು ಫೋಟೋ ತೆಗೀಲಾ ಅಂತ ಕೇಳಿದೆ. ನೀರಿನ ಹೊಳಪು ಅವರ ಹಿಂದೆ ಬರೋ ಹಾಗೆ ನಿಂತೆ. ಸ್ಕ್ರೀನಲ್ಲಿ ಮುಖದ ಮೇಲೆ ಒತ್ತಿ, ಬೆಳಕಿನ ಗುರುತನ್ನ ಕೆಳಗೆ ಎಳೆದೆ. ಇದು ಎಲ್ಲ ಫೋನಲ್ಲೂ ಇದೆ, ನಾವು ಮುಟ್ಟೋದೇ ಇಲ್ಲ.

ಇನ್ನೊಂದು ವಿಷಯ. ಮಾವನ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ. ಇಲ್ಲಿ ಅಪ್‌ಲೋಡ್ ಮಾಡಿದ್ರೆ ಅದು 1080ಕ್ಕೆ ಇಳಿಯುತ್ತೆ. ಗೋಡೆ ತುಂಬೋಷ್ಟು ದೊಡ್ಡ ಪ್ರಿಂಟ್ ಹಾಕಿಸೋರಿಗೆ ಆ 6000 ಬೇಕು. ನಿಮ್ಮ ಅಂಗೈಯಲ್ಲಿರೋ ಸ್ಕ್ರೀನಿಗೆ ಬೇಕಾ?

3/4 · ಅರಕಲಗೂಡು

ಈಗ ಆ ಕ್ಲಾಸ್‌ಮೇಟ್ ಫೋಟೋ. ಅವಳನ್ನ ಕೇಳೇ ಹಾಕಿದೀನಿ, ಹೆಸರು ಬೇಡ ಅಂದ್ಳು. ಅರಕಲಗೂಡು ತಾಲ್ಲೂಕಲ್ಲಿ ಹೊಗೆಸೊಪ್ಪು ಬೆಳೆಯೋರಿಗೆ ಇದು ಗೊತ್ತಿರುತ್ತೆ. ಬ್ಯಾರನ್ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನ ಕಡ್ಡಿಗೆ ಕಟ್ತಿದಾರೆ. ಕೈಗೆಲ್ಲ ಅಂಟು, ಕಪ್ಪು. ಒಬ್ರು ಏನೋ ಹೇಳಿ ಉಳಿದೋರೆಲ್ಲ ನಗ್ತಿದಾರೆ. ಅವಳ ಅಮ್ಮ ಮಾತ್ರ ನಗ್ತಿಲ್ಲ, ಉಳಿದಿರೋ ಸೊಪ್ಪಿನ ರಾಶಿ ನೋಡ್ತಿದಾರೆ. ಸ್ಕ್ರೀನ್ ಒಡೆದಿರೋ ಫೋನಲ್ಲಿ ತೆಗೆದಿದ್ದು.

ಎರಡು ಲಕ್ಷದ ಕ್ಯಾಮೆರಾ ಹಿಡ್ಕೊಂಡು ನಾನು ಹೋಗಿದ್ರೆ ಏನಾಗ್ತಿತ್ತು? ಸೆರಗು ಸರಿ ಮಾಡ್ಕೊಂಡು ಎಲ್ರೂ ಕ್ಯಾಮೆರಾ ಕಡೆ ತಿರುಗ್ತಿದ್ರು. "ಯಾವ ಪೇಪರ್‌ನೋರಪ್ಪ?" ಅಂತಿದ್ರು. ಅವಳು ಮನೆ ಮಗಳು, ಅವಳಿಗ್ಯಾರೂ ಪೋಸ್ ಕೊಡಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ ಗೊತ್ತಾ? 1923ರಲ್ಲಿ ಹುಟ್ಟಿದ ಫೋಟೋ ಜರ್ನಲಿಸ್ಟ್, 1977ರಲ್ಲಿ ಪದ್ಮಶ್ರೀ ಬಂತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲೇ ನಡೀತು. ಅದೆಲ್ಲ ಫಿಲ್ಮ್ ಕಾಲ. ಒಂದು ರೋಲಿಗೆ 36 ಫೋಟೋ, ತೊಳೆಯೋವರೆಗೂ ಹೇಗೆ ಬಂದಿದೆ ಗೊತ್ತಾಗಲ್ಲ. ಅವರ ಫೋಟೋ ಹುಡುಕಿ ನೋಡಿ. ಅದರಲ್ಲಿರೋ ಜನ ನಮ್ಮ ಬೀದಿಲಿ ಸಿಗೋ ಜನಾನೇ. ನೋಡ್ತಾ ಇದ್ರೆ ಕ್ಯಾಮೆರಾ ಯಾವ್ದು ಅಂತ ಕೇಳೋದೇ ಮರೆತುಹೋಗುತ್ತೆ.

'ನಮ್ಮೂರ ಬದುಕು' ಅಂತ ವಿಷಯ ಕೊಟ್ಟು, ಆ ಬದುಕಿನೊಳಗೇ ಇರೋರನ್ನ ಫೋನ್ ನೋಡಿ ಹೊರಗೆ ನಿಲ್ಲಿಸೋದು ಯಾವ ನ್ಯಾಯ?

4/4 · ಚನ್ನರಾಯಪಟ್ಟಣ

ಈಗ ಇನ್ನೊಂದು ಕಡೆಯ ಮಾತೂ ಹೇಳ್ಬೇಕು. ಚನ್ನರಾಯಪಟ್ಟಣದಲ್ಲಿ ಕಸಿನ್ ಮದುವೆ, ಬೆಳಗಿನ ಜಾವದ ಮುಹೂರ್ತ. ಛತ್ರದಲ್ಲಿ ಲೈಟು ಕಮ್ಮಿ. ಧಾರೆ ಹೊತ್ತಲ್ಲಿ ನಾನು ಫೋನಲ್ಲಿ ತೆಗೆದಿದ್ದೆಲ್ಲ ಅಲ್ಲಾಡಿ ಹೋಗಿತ್ತು. ಅಲ್ಲಿ ಸ್ಕಿಲ್ ಅಂತ ಎಷ್ಟು ಬಾಯಿ ಬಡ್ಕೊಂಡ್ರೂ ಉಪಯೋಗ ಇಲ್ಲ. ಧಾರೆ ಎರಡನೇ ಸಲ ಎರೆಯಲ್ಲ.

ಮದುವೆ, ಹಕ್ಕಿ, ಸ್ಟೇಜ್ ಪ್ರೋಗ್ರಾಂ, ಕಬಡ್ಡಿ ಇದಕ್ಕೆಲ್ಲ ಗೇರ್ ಬೇಕು. ಅಲ್ಲೂ ದುಬಾರಿ ಬಾಡಿಗಿಂತ ಮೊದಲು ಲೆನ್ಸ್ ನೋಡಿ. ಕಿಟ್ ಲೆನ್ಸನ್ನ 55ಕ್ಕೆ ಝೂಮ್ ಮಾಡಿದ್ರೆ ಸಿಗೋದು ಎಫ್ 5.6. ಸಾದಾ 50 ಎಂಎಂ ಎಫ್ 1.8 ಲೆನ್ಸ್ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬಿಡುತ್ತೆ. ಬಾಡಿ ಅದೇ ಇದ್ರೂ ಸಾಕು.

ಬಿಕಾಂ ಓದಿ ಲೆಕ್ಕ ಹೇಳ್ದೆ ಇರೋಕಾಗುತ್ತಾ! ಸೆಟ್ಟಿಗೆ 72,000, 18 ಕಂತು ಅಂತ ಇಟ್ಕೊಳ್ಳಿ. ಬಡ್ಡಿ ಬಿಟ್ಟೇ ತಿಂಗಳಿಗೆ 4,000. ಆರ್ಡರ್ ಬರ್ತಿದ್ರೆ ಅದು ಬಂಡವಾಳ. ಬರ್ದೇ ಇದ್ರೆ ಕಂತು ನಿಮ್ಮಪ್ಪ ಕಟ್ತಾರೆ, ಕ್ಯಾಮೆರಾ ಬೀರುವಿನಲ್ಲಿ ಡಿಪ್ರಿಸಿಯೇಷನ್ ಆಗ್ತಿರುತ್ತೆ. ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ. ಫೋನ್ ಕೈಕೊಟ್ಟು ಯಾವ್ಯಾವ ಫೋಟೋ ಮಿಸ್ ಆಯ್ತು ಅಂತ ಮೂರು ತಿಂಗಳು ಬರೆದಿಡಿ. ಆ ಪಟ್ಟಿ ಉದ್ದ ಆದ್ರೆ ಖಂಡಿತ ತಗೊಳ್ಳಿ, ನಾನೇ ಜೊತೆಗೆ ಬರ್ತೀನಿ. ಪಟ್ಟಿ ಖಾಲಿ ಇದ್ರೆ ಹಳೇಬೀಡು ಬಸ್ ಹತ್ತಿ. ಹುಡುಗಿಯರಿಗಂತೂ ಶಕ್ತಿ ಯೋಜನೆ ಇದೆ, ಟಿಕೆಟ್ ದುಡ್ಡೂ ಇಲ್ಲ.

ಫೆಸ್ಟ್ ನಡೆಸೋ ಸೀನಿಯರ್ಸ್‌ಗೆ ಒಂದೇ ರಿಕ್ವೆಸ್ಟ್. ಮೊಬೈಲಿಗೆ, ಕ್ಯಾಮೆರಾಗೆ ಬೇರೆ ಬೇರೆ ವಿಭಾಗ ಮಾಡಿ. ಇಲ್ಲಾಂದ್ರೆ ಯಾವುದರಲ್ಲಿ ತೆಗೆದಿದ್ದು ಅಂತ ಜಡ್ಜ್‌ಗೆ ಹೇಳ್ದೇ ಫೋಟೋ ಮಾತ್ರ ತೋರಿಸಿ. ಬಾಗಿಲಲ್ಲೇ ತಡೀಬೇಡಿ ಅಷ್ಟೇ.

ನಿಮ್ಮ ಹತ್ರಾನೂ "ಬರೀ ಮೊಬೈಲ್ ಫೋಟೋ" ಅಂತ ಗ್ಯಾಲರಿಲೇ ಉಳಿದಿರೋದು ಇದ್ಯಾ? ಇವತ್ತು ಹಾಕಿ, ನನ್ನ ಟ್ಯಾಗ್ ಮಾಡಿ. ಎಲ್ಲಿ, ಎಷ್ಟು ಗಂಟೆಗೆ ತೆಗೆದಿದ್ದು ಅಂತ ಬರೀರಿ. ಯಾವ ಫೋನು ಅಂತ ಬರೀಬೇಡಿ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಬರೀಮೊಬೈಲ್‌ಫೋಟೋ