ಊರು ಎದ್ದು ಹೋದಾಗ ಕಲೆಗೆ ನೆಲೆಯೆಲ್ಲಿ?

ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಆವರಿಸಿದಾಗ ಮನೆ, ಅಂಗಡಿ, ಜಮೀನುಗಳಿಗೆ ಬೆಲೆ ಕಟ್ಟಲಾಯಿತು. ಸಂತ್ರಸ್ತರಿಗೆ ನವನಗರದಲ್ಲಿ ನಿವೇಶನಗಳು ದೊರೆತವು. ಆದರೆ ಓಣಿಯ ಕಟ್ಟೆಯ ಬಳಿ ಹಿರಿಯರಿಂದ ಹಲಗೆ ಬಾರಿಸಲು ಕಲಿಯುತ್ತಿದ್ದ ಬಾಲಕನಿಗೂ, ಪೇಟೆಯ ಮೂಲೆಯಲ್ಲಿ ನಾಮಫಲಕ ಬರೆದು ಹೊಟ್ಟೆ ಹೊರೆಯುತ್ತಿದ್ದ ಚಿತ್ರಗಾರನಿಗೂ ಸಲ್ಲಬೇಕಾದ ಪರಿಹಾರ ಯಾವುದು?

ಈ ಪ್ರಶ್ನೆಯನ್ನು ಇಂದು ಕೇಳಲು ಕಾರಣವುಂಟು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಅದು ಕಾರ್ಯಗತವಾದಾಗ ಬಾಗಲಕೋಟೆಯ ಮತ್ತಷ್ಟು ಭಾಗವೂ ಅನೇಕ ಹಳ್ಳಿಗಳೂ ಜಾಗ ಬಿಡಬೇಕಾಗುತ್ತದೆ. ಮನೆಗಳ ಲೆಕ್ಕದೊಡನೆ ಕಲೆಯ ಲೆಕ್ಕವನ್ನೂ ಬರೆದಿಡಲು ಇದೇ ಸಮಯ.

ಬಾಗಲಕೋಟೆಯ ಹೋಳಿ ನಾಡಿಗೆಲ್ಲ ಪರಿಚಿತವಾದುದು. ಹಲಗೆಯ ಮೇಳ, ಸೋಗಿನ ಬಂಡಿ, ಬಣ್ಣ ತುಂಬಿದ ಬಂಡಿ, ಇವೆಲ್ಲ ಪೇಟೆ ಪೇಟೆಗಳ ನಡುವಣ ಪ್ರೀತಿಯ ಪೈಪೋಟಿಯಿಂದ ಬೆಳೆದು ಬಂದವು. ಅಲ್ಲಿ ಕಲಿಸಿದವನು ನೆರೆಮನೆಯವನು, ನೋಡಿ ಮೆಚ್ಚಿದವರು ಓಣಿಯವರು. ನೆರೆಹೊರೆ ಚದುರಿದರೆ ಮೇಳ ಕೂಡುವುದು ಕಷ್ಟ. ಸೆಕ್ಟರಿನ ಸಂಖ್ಯೆಯ ಮೇಲೆ ಓಣಿಯ ಅಭಿಮಾನ ಹುಟ್ಟಲು ಒಂದೆರಡು ತಲೆಮಾರಾದರೂ ಬೇಕು. ನವನಗರದ ಯೋಜನೆಯಲ್ಲಿ ತೊಡಗಿದ್ದ, ಗೋವಾ ಮೂಲದ ಕುಟುಂಬದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930–2015) ಅವರು ಆಕಾಶಕ್ಕೆ ತೆರೆದ ಅಂಗಳವು ನಮ್ಮ ಹವೆಯಲ್ಲಿ ಕೋಣೆಯಷ್ಟೇ ಉಪಯುಕ್ತವೆಂದು ಬಾಳಿನುದ್ದಕ್ಕೂ ಪ್ರತಿಪಾದಿಸಿದರು. ಊರಿನಲ್ಲಿ ಉಳಿದಿರುವ ಇಂತಹ ಅಂಗಳಗಳನ್ನು ವಾಹನ ನಿಲುಗಡೆಗೂ ಮಳಿಗೆಗಳಿಗೂ ಬಿಟ್ಟುಕೊಡದೆ ಕಾಯುವುದು ನಾಗರಿಕರೆಲ್ಲರ ಹೊಣೆ.

ನಮ್ಮ ಜಿಲ್ಲೆಯಲ್ಲಿ ಪ್ರತಿಭೆಗೆ ಬರವಿಲ್ಲ. ಬಾದಾಮಿಯಲ್ಲಿ ಜನಿಸಿದ ಆರ್.ಎಂ. ಹಡಪದ್ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಅನೇಕ ಚಿತ್ರಕಾರರಿಗೆ ಗುರುವಾದರು. ಹುನಗುಂದ ತಾಲ್ಲೂಕಿನ ನೇಕಾರರ ಊರಾದ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ವೃತ್ತಿ ರಂಗಭೂಮಿಗೆ ನಾಟಕಗಳನ್ನು ಬರೆದರು; ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಯಿತು. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೌಶಲವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಹಡಪದರ ವಿದ್ಯೆಗೆ ದೂರದ ನಗರವೇ ಶಾಲೆ ಕೊಟ್ಟಿತು. ಧುತ್ತರಗಿಯವರ ಬರಹಕ್ಕೆ ನಾಟಕ ಕಂಪನಿಗಳೂ ಜಾತ್ರೆಗಳೂ ನೆಲೆ ಕೊಟ್ಟವು. ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಈಗಲೂ ಡೇರೆ ಹಾಕುವುದು, ಅಲ್ಲಿ ಜಾಗವೂ ಇದೆ, ಟಿಕೇಟು ಕೊಂಡು ಬರುವ ಜನರೂ ಇದ್ದಾರೆ ಎಂಬ ಕಾರಣದಿಂದ. ಇವೆರಡರಲ್ಲಿ ಒಂದು ತಪ್ಪಿದರೂ ಕಲಾವಿದ ಊರು ಬಿಡುತ್ತಾನೆ, ಇಲ್ಲವೇ ಕಸುಬು ಬಿಡುತ್ತಾನೆ. ಫ್ಲೆಕ್ಸ್ ಬಂದ ಮೇಲೆ ನಾಮಫಲಕ ಬರೆಯುವವರ ಕೈಯಿಂದ ಕುಂಚ ಜಾರಿದ್ದನ್ನು ನಾವೆಲ್ಲರೂ ಕಂಡಿದ್ದೇವೆ.

ಸಭಾಭವನ ಏಳುವವರೆಗೆ ಕಾಯಬೇಕೆಂದೇನೂ ಇಲ್ಲ. 1941ರಲ್ಲಿ ನಾಜಿಗಳ ಆಕ್ರಮಣಕ್ಕೊಳಗಾಗಿದ್ದ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕೆಲವು ಯುವಜನರು ಗುಟ್ಟಾಗಿ ಒಂದು ನಾಟಕ ತಂಡ ಕಟ್ಟಿ, ಪರಿಚಿತರ ಮನೆಗಳ ಪಡಸಾಲೆಗಳಲ್ಲಿ ಪ್ರದರ್ಶನ ನೀಡುತ್ತಿದ್ದರು. ಅವರಲ್ಲಿ ಒಬ್ಬ ನಟ ಕರೋಲ್ ವೊಯ್ತಿವಾ. ಮುಂದೆ ಜಗದ್ಗುರು ಎರಡನೆಯ ಜಾನ್ ಪೌಲರಾದವರು ಅವರೇ. 1999ರಲ್ಲಿ ಅವರು ಲೋಕದ ಕಲಾವಿದರನ್ನು ಉದ್ದೇಶಿಸಿ ಪತ್ರ ಬರೆದಾಗ, ಅದರ ಹಿಂದೆ ಆ ಪಡಸಾಲೆಗಳ ಅನುಭವವೂ ಇತ್ತೆಂಬುದನ್ನು ಮರೆಯಲಾಗದು.

ಪ್ರಿಯ ಕುಟುಂಬಗಳೇ, ಈ ಸೀಮೆಯಲ್ಲಿ ನಾವು ಅಲ್ಪಸಂಖ್ಯಾತರಾದರೂ ನಮ್ಮ ಕೈಲಾಗುವ ಕಾರ್ಯಗಳು ಕಡಿಮೆಯಿಲ್ಲ. ಶಾಲೆ ಬಿಟ್ಟ ಮೇಲೆ ಬರಿದಾಗಿರುವ ಕೋಣೆಯನ್ನು ವಾರಕ್ಕೆ ಎರಡು ಸಂಜೆ ಊರಿನ ಚಿತ್ರಕಾರರಿಗೆ, ಹಲಗೆಯವರಿಗೆ, ನಾಟಕದ ಹುಡುಗರಿಗೆ ತೆರೆಯಬಹುದು. ಯಾರ ಜಾತಿ, ಧರ್ಮ ಯಾವುದೆಂದು ಕೇಳದೆ ಎಲ್ಲರನ್ನೂ ಬರಮಾಡಿಕೊಳ್ಳಬಹುದು. ಕ್ರಿಸ್ಮಸ್ ಗೋದಲಿಯ ಹಿಂಬದಿಯ ಪರದೆಯನ್ನು ಊರಿನ ಚಿತ್ರಗಾರನಿಂದ ಬರೆಸಿ, ಅವನಿಗೆ ನ್ಯಾಯವಾದ ಕೂಲಿ ಕೊಡಬಹುದು. ಮದುವೆಯ ಸೀರೆಯನ್ನು ಇಳಕಲ್ಲಿನ ಕೈಮಗ್ಗದಿಂದಲೇ ತರಬಹುದು. ಮಗನೋ ಮಗಳೋ ಚಿತ್ರ ಬರೆಯಲು ಕುಳಿತಾಗ, ಇದರಿಂದ ಅನ್ನ ಹುಟ್ಟೀತೇ ಎಂದು ಗದರಿಸದಿರುವುದು ಇವೆಲ್ಲಕ್ಕಿಂತ ಮೊದಲಿನದು.

ಆಡಳಿತಕ್ಕೂ ಒಂದು ಮನವಿ. ಮುಂದಿನ ಪುನರ್ವಸತಿಯ ನಕ್ಷೆ ಸಿದ್ಧವಾಗುವಾಗ, ಜೊತೆಗಿದ್ದ ಓಣಿಯವರಿಗೆ ಜೊತೆಯಲ್ಲೇ ನಿವೇಶನ ಸಿಗಲಿ. ಪ್ರತಿ ಬಡಾವಣೆಗೂ ಒಂದು ಕಟ್ಟೆ, ಒಂದು ಬಯಲು ಮೀಸಲಾಗಲಿ. ಊರನ್ನೇ ನಾಡಿಗಾಗಿ ಬಿಟ್ಟುಕೊಟ್ಟ ಜನರಿಗೆ ತಮ್ಮ ಹಾಡು, ಬಣ್ಣ, ಹಲಗೆಗಳೊಂದಿಗೆ ಹೊಸ ನೆಲದಲ್ಲಿ ಬೇರೂರುವ ಹಕ್ಕಿದೆ.