ಮಳೆಗಾಲಕ್ಕೆ ಮುನ್ನ ನಮ್ಮ ಹಿರಿಯರ ಬಾಗಿಲು ತಟ್ಟೋಣ

ಆಗಸ್ಟ್ ತಿಂಗಳ ಒಂದು ರಾತ್ರಿ. ನೇತ್ರಾವತಿಯ ನೀರು ತೋಟಗಳನ್ನು ದಾಟಿ ತಗ್ಗಿನ ಮನೆಗಳ ಅಂಗಳಕ್ಕೆ ಬಂದಿತ್ತು. ಇಶಾ ನಮಾಝ್ ಮುಗಿದ ಬಳಿಕ, ನದಿ ಬದಿಯವರೆಲ್ಲರೂ ಎತ್ತರದಲ್ಲಿರುವ ಶಾಲೆಗೆ ತೆರಳಬೇಕೆಂದು ಮಸೀದಿಯ ಧ್ವನಿವರ್ಧಕದಲ್ಲಿ ಕರೆ ಕೊಡಲಾಯಿತು. ಒಂದು ಗಂಟೆಯೊಳಗೆ ಮನೆಗಳು ಖಾಲಿಯಾದವು. ಒಂದು ಮನೆಯಲ್ಲಿ ಮಾತ್ರ ಚಿಮಣಿ ದೀಪ ಉರಿಯುತ್ತಲೇ ಇತ್ತು. ಯುವಕರು ಹೋಗಿ ನೋಡಿದಾಗ, ಎಪ್ಪತ್ತು ದಾಟಿದ ಓರ್ವ ತಾಯಿ ಮಂಚದ ಮೇಲೆ ತಸ್ಬೀಹ್ ಹಿಡಿದು ಕುಳಿತಿದ್ದರು. 'ನಾನೆಲ್ಲಿಗೆ ಬರಲಿ ಮಕ್ಕಳೇ, ನನಗೆ ಅಲ್ಲಾಹ ಇದ್ದಾನೆ' ಎಂದರು. ಕೊನೆಗೆ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳ್ಳಿರಿಸಿ ನಾಲ್ವರು ಹೊತ್ತು ತಂದರು.

ಆ ತಾಯಿಯ ಮಾತನ್ನು ನಾವು ಅಂದು ಅಚಲ ವಿಶ್ವಾಸವೆಂದು ಬಗೆದು ಕಣ್ಣೊರೆಸಿಕೊಂಡೆವು. ಆದರೆ ಕಾಳಜಿ ಕೇಂದ್ರದಲ್ಲಿ ಎರಡು ದಿನ ಅವರೊಂದಿಗೆ ಕಳೆದ ಬಳಿಕ ಬೇರೆಯೇ ಸಂಗತಿ ತಿಳಿಯಿತು. ಅವರು ಹೊರಡದಿರಲು ಕಾರಣಗಳಿದ್ದವು. ಮಂಡಿ ನೋವಿನಿಂದ ಆ ಕೆಸರಿನ ಏರನ್ನು ಹತ್ತಲು ಅವರಿಂದ ಸಾಧ್ಯವಿರಲಿಲ್ಲ. ಯಾರನ್ನು ಕರೆಯಬೇಕೆಂದು ಗೊತ್ತಿರಲಿಲ್ಲ. ಕೈಫೋನಿನ ಚಾರ್ಜ್ ಹಿಂದಿನ ದಿನವೇ ಮುಗಿದಿತ್ತು. ಸಾಕಿದ್ದ ಎರಡು ಆಡುಗಳನ್ನು ಏನು ಮಾಡುವುದೆಂದು ತೋಚಿರಲಿಲ್ಲ. ಯುವಜನರ ನಡುವೆ, ಪರಪುರುಷರ ನಡುವೆ ರಾತ್ರಿ ಶೌಚಕ್ಕೆ ಹೇಗೆ ಹೋಗುವುದೆಂಬ ಸಂಕೋಚವೂ ಇತ್ತು. ಇವೆಲ್ಲವನ್ನೂ ಹೇಳಿಕೊಳ್ಳಲಾಗದೆ ಅವರು ಅಲ್ಲಾಹನ ಹೆಸರನ್ನು ಹೇಳಿದ್ದರು. ಅವರ ವಿಶ್ವಾಸದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅವರ ವಿಶ್ವಾಸದ ಮರೆಯಲ್ಲಿ ನಾವು ನಮ್ಮ ಹೊಣೆಯನ್ನು ಅಡಗಿಸಿಡಬಾರದಿತ್ತು.

ಇನ್ನೊಂದು ಸಂಗತಿ. ಮರುದಿನ ವೈದ್ಯರು ಬಂದು 'ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ' ಎಂದು ಕೇಳಿದಾಗ ಅವರು, 'ಬಿಳಿಯದು ಒಂದು, ಸಣ್ಣ ಹಳದಿಯದು ಒಂದು' ಎಂದರು. ಮಾತ್ರೆಯೂ ಚೀಟಿಯೂ ನೀರು ಪಾಲಾಗಿದ್ದವು. ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ರೇಷನ್ ಕಾರ್ಡ್, ಪಾಸ್‌ಬುಕ್, ಮನೆ ತೆರಿಗೆಯ ರಶೀದಿಗಳು ಹಿಟ್ಟಿನಂತಾಗಿದ್ದವು. ಮನೆ ಹಾನಿಯ ಪರಿಹಾರಕ್ಕಾಗಿ ಆ ಕಾಗದಗಳನ್ನು ಮತ್ತೆ ಮಾಡಿಸಿಕೊಳ್ಳಲು ಅವರು ಎಷ್ಟು ತಿಂಗಳು ಅಲೆದರೆಂಬುದನ್ನು ಬರೆಯಹೊರಟರೆ ಅದೇ ಒಂದು ಲೇಖನವಾದೀತು.

ನಮ್ಮ ಸಮುದಾಯ ಪರಿಹಾರ ಕಾರ್ಯದಲ್ಲಿ ಹಿಂದೆ ಬಿದ್ದದ್ದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ, 2019ರಲ್ಲಿ ಬೆಳ್ತಂಗಡಿಯಿಂದ ಬೆಳಗಾವಿಯವರೆಗೆ ನೆರೆ ಬಂದಾಗಲೂ, 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗಲೂ ನಮ್ಮ ಯುವಕರು ಧರ್ಮ ಕೇಳದೆ ಧಾವಿಸಿದ್ದಾರೆ. ಅಲ್ಹಮ್ದುಲಿಲ್ಲಾಹ್. ಆದರೆ ಇವೆಲ್ಲವೂ ನೀರು ಬಂದ ಮೇಲಿನ ಕೆಲಸಗಳು. ನೀರು ಬರುವ ಮುಂಚೆ, ಮೇ ತಿಂಗಳ ಬಿಸಿಲಿನಲ್ಲಿ, ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ 'ನಿಮ್ಮ ಮಾತ್ರೆ ಎಷ್ಟು ದಿನಕ್ಕಿದೆ' ಎಂದು ಕೇಳಿದ ಜಮಾಅತ್‌ಗಳೆಷ್ಟು? ಅಂತಹ ಕೆಲಸದ ಚಿತ್ರ ಪತ್ರಿಕೆಗಳಲ್ಲಿ ಬರುವುದಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು. ಕಹಿಯೆನಿಸಿದರೂ ಈ ಮಾತನ್ನು ಹೇಳಲೇಬೇಕಾಗಿದೆ.

ಸಿದ್ಧತೆ ಮಾಡಿಕೊಳ್ಳುವುದೆಂದರೆ ಅಲ್ಲಾಹನ ಮೇಲಿನ ಭರವಸೆ ಕಡಿಮೆಯಾದಂತೆ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಹಿಜ್‌ರಾದ ಇತಿಹಾಸವನ್ನು ಓದಿದವರಿಗೆ ಈ ಸಂದೇಹ ಉಳಿಯಬಾರದು. ಅಲ್ಲಾಹನು ತನ್ನ ಪ್ರವಾದಿಯನ್ನು(ಸ) ಕಣ್ಣು ಮುಚ್ಚಿ ತೆರೆಯುವುದರೊಳಗೆ ಮದೀನಕ್ಕೆ ತಲುಪಿಸಬಲ್ಲವನಾಗಿದ್ದನು. ಆದರೂ ಆ ಪ್ರಯಾಣದ ಪ್ರತಿಯೊಂದು ಹೆಜ್ಜೆಯಲ್ಲೂ ಮುನ್ನೆಚ್ಚರಿಕೆಯಿದೆ. ಅಬೂಬಕ್ಕರ್(ರ) ಎರಡು ಒಂಟೆಗಳನ್ನು ತಿಂಗಳುಗಳ ಮೊದಲೇ ಮೇವು ಹಾಕಿ ಸಜ್ಜುಗೊಳಿಸಿದ್ದರು. ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು, ಆತ ಮುಸ್ಲಿಮನಲ್ಲದಿದ್ದರೂ, ಮಾರ್ಗದರ್ಶಕನಾಗಿ ಗೊತ್ತುಮಾಡಲಾಗಿತ್ತು. ಉತ್ತರದ ಮದೀನಕ್ಕೆ ಹೊರಟವರು ಮೊದಲು ದಕ್ಷಿಣದ ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಿದರು. ಆಮಿರ್ ಬಿನ್ ಫುಹೈರಾ(ರ) ಆಡುಗಳನ್ನು ಅತ್ತ ಮೇಯಿಸಿಕೊಂಡು ಬಂದು ಹಾಲು ಒದಗಿಸುತ್ತಿದ್ದರು. ಪ್ರಯಾಣದ ಬುತ್ತಿಯ ಗಂಟು ಕಟ್ಟಲು ಏನೂ ಸಿಗದಾಗ ಅಸ್ಮಾ(ರ) ತಮ್ಮ ಸೊಂಟಪಟ್ಟಿಯನ್ನೇ ಎರಡಾಗಿ ಸೀಳಿದರು. ಇಂದು ಸರಕಾರದವರು 'ತುರ್ತು ಚೀಲ ಸಿದ್ಧವಿಡಿ' ಎಂದು ಕರಪತ್ರ ಹಂಚುವಾಗ ಅದು ಹೊರಗಿನಿಂದ ಬಂದ ಉಪದೇಶವೆಂದು ನಮಗೆ ಅನಿಸಬೇಕಿಲ್ಲ.

ಅದೇ ಘಟನೆಯಲ್ಲಿ ಓರ್ವ ವೃದ್ಧರೂ ಇದ್ದಾರೆ. ಅವರನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ. ಅಬೂಬಕ್ಕರ್(ರ) ಅವರ ತಂದೆ ಅಬೂ ಕುಹಾಫಾ. ದೃಷ್ಟಿ ಕಳೆದುಕೊಂಡಿದ್ದ ಅವರು ಮಗ ಮನೆಯ ಹಣವನ್ನೆಲ್ಲ ಒಯ್ದಿರಬಹುದೆಂದು ಕಳವಳಗೊಂಡಾಗ, ಮೊಮ್ಮಗಳು ಅಸ್ಮಾ(ರ) ಹಣವಿಡುತ್ತಿದ್ದ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಬಟ್ಟೆ ಹೊದಿಸಿ, ಅಜ್ಜನ ಕೈಯನ್ನು ಅದರ ಮೇಲಿರಿಸಿ ಸಮಾಧಾನಪಡಿಸಿದರೆಂದು ಇಬ್ನು ಇಸ್‌ಹಾಕ್ ದಾಖಲಿಸಿದ್ದಾರೆ. ಬಿಕ್ಕಟ್ಟಿನ ಕಾಲದಲ್ಲಿ ವೃದ್ಧರನ್ನು ಮೊದಲು ಕಾಡುವುದು ತಮ್ಮ ಕೈಯಲ್ಲಿ ಏನೂ ಉಳಿದಿಲ್ಲವೆಂಬ ಭಯ. ಆ ಮನೆಯಲ್ಲಿ ಅಂದು ನಿಜವಾಗಿಯೂ ಏನೂ ಇರಲಿಲ್ಲ. ಅಸ್ಮಾ(ರ) ತಮ್ಮಿಂದಾದುದನ್ನು ಮಾಡಿದರು. ನಮ್ಮಲ್ಲಿ ಇದೆ. ನಮಗೆ ಆ ನೆಪವಿಲ್ಲ.

ಸೀಮಿತ ಆದಾಯದ ಹಿರಿಯರ ಬದುಕು ಹೇಗಿರುತ್ತದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ. ಜೀವನವಿಡೀ ಬೀಡಿ ಕಟ್ಟಿ ಭವಿಷ್ಯನಿಧಿಯ ಪಿಂಚಣಿಗೆ ಬಂದ ಮಹಿಳೆಯರಿಗೆ ದೊರೆಯುವ ಕನಿಷ್ಠ ಮೊತ್ತ 2014ರಿಂದಲೂ 1,000 ರೂಪಾಯಿಯಲ್ಲೇ ನಿಂತಿದೆ. ಇವರಿಗೆ 'ಎರಡು ವಾರದ ಆಹಾರ, ಹೆಚ್ಚುವರಿ ಔಷಧ, ಪವರ್ ಬ್ಯಾಂಕ್ ಸಂಗ್ರಹಿಸಿಡಿ' ಎಂದು ಹೇಳುವುದು ಉಪವಾಸವಿರುವವರಿಗೆ ಪಥ್ಯ ಹೇಳಿದಂತೆ. ಹಣದಿಂದ ಆಗುವ ಸಿದ್ಧತೆ ಅವರ ಕೈಗೆಟುಕದು. ಆದರೆ ನಾವು ವಿಚಾರಿಸಿ ನೋಡಿದಾಗ ಕಂಡ ಅಚ್ಚರಿಯೇನೆಂದರೆ, ಅವರಿಗೆ ಬೇಕಾದ ಸಿದ್ಧತೆಯಲ್ಲಿ ಹಣದ ಪಾಲು ಚಿಕ್ಕದು. ದೊಡ್ಡ ಪಾಲು ಯಾರಾದರೂ ಒಬ್ಬರು ಎರಡು ಗಂಟೆ ಅವರ ಪಕ್ಕದಲ್ಲಿ ಕುಳಿತುಕೊಳ್ಳುವುದು.

ಔಷಧದ ವಿಷಯವನ್ನೇ ತೆಗೆದುಕೊಳ್ಳಿ. ರಕ್ತದೊತ್ತಡ ಮತ್ತು ಮಧುಮೇಹದ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ. ಅಲ್ಲಿ ಇಲ್ಲದ್ದನ್ನು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಮಾತ್ರೆ ಪೂರ್ತಿ ಮುಗಿದ ಮೇಲೆ ಹೋಗುವ ಬದಲು, ಹತ್ತು ದಿನದ ಮಾತ್ರೆ ಕೈಯಲ್ಲಿರುವಾಗಲೇ ಹೋಗುವುದನ್ನು ರೂಢಿ ಮಾಡಿಕೊಂಡರೆ, ಬಸ್ಸು ನಿಂತು ಸೇತುವೆ ಮುಳುಗಿದ ವಾರದಲ್ಲೂ ಔಷಧ ತಪ್ಪುವುದಿಲ್ಲ. ಇದಕ್ಕೆ ಹೆಚ್ಚು ಹಣ ಬೇಡ, ಕರೆದೊಯ್ಯುವವರು ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರದ್ದು ಬೇರೆ ಚಿಂತೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಹೋಗುವುದು ನಮ್ಮ ಕಡೆ ವಿಶೇಷವೇನಲ್ಲ. ಕೆಲವರ ಮನೆಯಲ್ಲಿ ಫ್ರಿಜ್ ಇಲ್ಲವೇ ಇಲ್ಲ. ದೊಡ್ಡ ಮಣ್ಣಿನ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರ ನಡುವೆ ಚಿಕ್ಕ ಮಡಕೆಯಿಟ್ಟು, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡುವುದು ಹಳೆಯ, ಪರೀಕ್ಷಿತ ಉಪಾಯ. ಗಾಳಿಯಲ್ಲಿ ತೇವ ತುಂಬಿದ ನಮ್ಮ ಕರಾವಳಿಯಲ್ಲಿ ಒಣ ನಾಡಿನಷ್ಟು ತಂಪು ಸಿಗದಿದ್ದರೂ ಬಿಸಿಯಿಂದ ರಕ್ಷಣೆ ದೊರೆಯುತ್ತದೆ. ತಮ್ಮ ಇನ್ಸುಲಿನ್ ಹೊರಗೆ ಎಷ್ಟು ದಿನ ಬಾಳುತ್ತದೆಂದು ವೈದ್ಯರಲ್ಲಿ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಕಾಗದಪತ್ರಗಳನ್ನು ಒಂದು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಂಚದ ಕೆಳಗಲ್ಲ, ಗೋಡೆಯ ಮೇಲಿನ ಮೊಳೆಗೆ ತೂಗುಹಾಕಬೇಕು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಿಂಚಣಿಯ ಮಂಜೂರಾತಿ ಪತ್ರ, ಮನೆ ತೆರಿಗೆಯ ರಶೀದಿ, ಕರೆಂಟು ಬಿಲ್ಲು, ವೈದ್ಯರ ಚೀಟಿ. ಹಕ್ಕುಪತ್ರ ಇಲ್ಲದ ಮನೆಗಳಲ್ಲಿ ಈ ತೆರಿಗೆ ರಶೀದಿ ಮತ್ತು ಕರೆಂಟು ಬಿಲ್ಲುಗಳೇ ವಾಸದ ಸಾಕ್ಷಿ. ಇವುಗಳ ಫೋಟೋ ಮಕ್ಕಳ ಅಥವಾ ನಂಬಿಕಸ್ಥ ನೆರೆಯವರ ಫೋನಿನಲ್ಲಿರಲಿ. ಗಲ್ಫ್‌ನಲ್ಲಿರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೆ ಹತ್ತು ವೀಡಿಯೋ ಕಳುಹಿಸುವ ನಾವು ಇದೊಂದನ್ನು ಕಳುಹಿಸಿರುವುದಿಲ್ಲ.

ಆಪತ್ತೆಂದರೆ ನೆರೆ ಮಾತ್ರವೆಂದು ಭಾವಿಸುವುದೂ ತಪ್ಪು. ತಹಜ್ಜುದ್‌ಗೆ ಎದ್ದು, ಕತ್ತಲಲ್ಲಿ ವುಝೂ ಮಾಡುವಾಗ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡ ಹಿರಿಯರು ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ. ವುಝೂ ಮಾಡುವಲ್ಲಿ ಒಂದು ಒರಟು ಚಾಪೆ, ಗೋಡೆಗೊಂದು ಹಿಡಿ, ತಲೆದಿಂಬಿನ ಬಳಿ ಒಂದು ಟಾರ್ಚ್ ಇದ್ದರೆ ಅದೆಷ್ಟೋ ಸೊಂಟಗಳು ಉಳಿಯುತ್ತಿದ್ದವು. ಚಿಮಣಿ ದೀಪವನ್ನು ಉರಿಯಬಿಟ್ಟು ಮಲಗುವ ಅಭ್ಯಾಸ ಇನ್ನೂ ಇರುವ ಮನೆಗಳಲ್ಲಿ, ಮಲಗುವ ಮುಂಚೆ ದೀಪ ಆರಿಸಿ, ಪಾತ್ರೆಗಳನ್ನು ಮುಚ್ಚಿ, ಬಾಗಿಲು ಹಾಕಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನೆನಪಿಸಬೇಕು. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ಮೊದಲು 108ಕ್ಕೆ ಕರೆ ಮಾಡಬೇಕು. ಎಣ್ಣೆ ತಿಕ್ಕುವುದು, ಮಂತ್ರಿಸಿದ ನೀರು ತರಲು ಓಡುವುದು ಆ ಹೊತ್ತಿನ ಕೆಲಸವಲ್ಲ. ದುಆ ಆಂಬುಲೆನ್ಸ್‌ನಲ್ಲಿ ಕುಳಿತೂ ಮಾಡಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕಾರ್ಡ್ ಮಾಡಿಸಿಡುವುದು ಆರೋಗ್ಯವಾಗಿರುವಾಗಿನ ಕೆಲಸ.

ಕೀಪ್ಯಾಡ್ ಫೋನಿನಲ್ಲಿ ಒಂದು ಅಂಕಿಯನ್ನು ಒತ್ತಿ ಹಿಡಿದರೆ ಕರೆ ಹೋಗುವಂತೆ ಮಾಡಬಹುದೆಂಬುದು ಅನೇಕ ಹಿರಿಯರಿಗೆ ತಿಳಿದಿಲ್ಲ. ಎರಡಕ್ಕೆ ನೆರೆಯವರು, ಮೂರಕ್ಕೆ ಮಗಳು, ನಾಲ್ಕಕ್ಕೆ ಮಸೀದಿಯ ಉಸ್ತಾದರು. ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ 112, 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ಹಿರಿಯರ ಸಹಾಯವಾಣಿ 14567. ಓದು ಬಾರದವರಿಗೆ ಮೊಮ್ಮಕ್ಕಳು ಎರಡು ಸಲ ಕರೆ ಮಾಡಿಸಿ ಅಭ್ಯಾಸ ಮಾಡಿಸಲಿ.

ಈಗ ಜಮಾಅತ್‌ನ ಮಾತಿಗೆ ಬರೋಣ. ಬೇಡುತ್ತಿದ್ದ ಯಹೂದಿ ವೃದ್ಧನೊಬ್ಬನನ್ನು ಉಮರ್(ರ) ಕೈಹಿಡಿದು ಮನೆಗೆ ಕರೆದೊಯ್ದ ಘಟನೆ ಖುತ್ಬಾಗಳಲ್ಲಿ ಆಗಾಗ ಕೇಳಿಬರುತ್ತದೆ. ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಅವರು ಬೈತುಲ್ ಮಾಲ್‌ನಿಂದ ಅವನಿಗೆ ನೆರವು ಗೊತ್ತುಮಾಡಿದರು. ಅಬೂ ಯೂಸುಫ್‌ರ 'ಕಿತಾಬುಲ್ ಖರಾಜ್'ನಲ್ಲಿರುವ ಈ ಘಟನೆಯಲ್ಲಿ ನಾವು ಗಮನಿಸದೆ ಬಿಡುವ ಒಂದು ಅಂಶವಿದೆ. ಉಮರ್(ರ) ಆ ಒಬ್ಬನಿಗೆ ಕೊಟ್ಟು ಸುಮ್ಮನಾಗಲಿಲ್ಲ. ಅವನನ್ನೂ ಅವನಂತಹ ಇತರರನ್ನೂ ಗಮನಿಸುವಂತೆ ಖಜಾನೆಯವನಿಗೆ ಆದೇಶಿಸಿದರು. ಅಂತಹವರು ಯಾರು ಯಾರೆಂದು ತಿಳಿಯದೆ ಆ ಆದೇಶವನ್ನು ಪಾಲಿಸುವುದು ಸಾಧ್ಯವಿಲ್ಲ. ನಮ್ಮ ಜಮಾಅತ್‌ಗಳಲ್ಲಿ ವರಿ ಬಾಕಿಯಿರುವವರ ಪಟ್ಟಿ ಇದೆ, ನಿಕಾಹ್‌ನ ದಫ್ತರ್ ಇದೆ. ಒಂಟಿಯಾಗಿರುವ ವೃದ್ಧರ ಪಟ್ಟಿ ಇದೆಯೇ? ಯಾರಿಗೆ ನಡೆಯಲಾಗದು, ಯಾರಿಗೆ ಕಿವಿ ಕೇಳಿಸದು, ಅಂದರೆ ಧ್ವನಿವರ್ಧಕದ ಕರೆ ಯಾರಿಗೆ ತಲುಪುವುದೇ ಇಲ್ಲ, ಅವರ ಮನೆಯ ಇನ್ನೊಂದು ಬೀಗದ ಕೈ ಯಾರ ಬಳಿಯಿದೆ? ಪ್ರತಿ ಹಿರಿಯರಿಗೆ ಇಬ್ಬರು ಯುವಕರನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ತಾಯಂದಿರಿಗಾದರೆ ಅವರಲ್ಲೊಬ್ಬರು ಮಹಿಳೆಯಾಗಿರಲಿ. 'ಎಲ್ಲರೂ ನೋಡಿಕೊಳ್ಳುತ್ತಾರೆ' ಎಂಬಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಪಟ್ಟಿಯಲ್ಲಿ ಪಕ್ಕದ ಮನೆಯ ಹಿಂದೂ, ಕ್ರೈಸ್ತ ಹಿರಿಯರ ಹೆಸರೂ ಇರಬೇಕು. ನೆರೆಯವನ ಹಕ್ಕಿಗೆ ಇಸ್ಲಾಮ್ ಧರ್ಮದ ಷರತ್ತು ಹಾಕಿಲ್ಲ.

ಖರ್ಚಿನ ಪ್ರಶ್ನೆ ಬರುತ್ತದೆ. ರಮಝಾನ್‌ನಲ್ಲಿ ಕಿಟ್‌ಗಳನ್ನು ಹಂಚುವ ನಮಗೆ ಇದು ಭಾರವಲ್ಲ. ಬಡವರು ಮತ್ತು ನಿರ್ಗತಿಕರು ಝಕಾತ್‌ನ ಮೊದಲ ಹಕ್ಕುದಾರರು. ಆ ಹಕ್ಕು ಸಿಗಲು ಅವರ ಮನೆ ಮುಳುಗಬೇಕಾಗಿಲ್ಲ. ಝಕಾತನ್ನು ವಸ್ತುರೂಪದಲ್ಲಿ ಕೊಡುವ ಬಗ್ಗೆ ಮದ್‌ಹಬ್‌ಗಳ ನಡುವೆ ಅಭಿಪ್ರಾಯಭೇದವಿರುವುದರಿಂದ ಸ್ಥಳೀಯ ಉಲಮಾರನ್ನು ಕೇಳಿಕೊಳ್ಳುವುದು ಒಳಿತು. ಟಾರ್ಚ್, ಚೀಲ, ಚಾಪೆಗಳನ್ನು ಸದಕಾದಿಂದ ಕೊಡಲು ಆ ತೊಡಕಿಲ್ಲ. ಇನ್ನು ಕೊಡುವಾಗ ಕ್ಯಾಮರಾ ಬೇಡ. ಆ ತಾಯಿ ಅಂದು ಮಂಚ ಬಿಟ್ಟು ಏಳದಿರಲು ಸಂಕೋಚವೂ ಒಂದು ಕಾರಣವಾಗಿತ್ತೆಂಬುದನ್ನು ಮರೆಯದಿರೋಣ.

ಬಂಟ್ವಾಳ, ಪಾಣೆಮಂಗಳೂರು ಕಡೆಯ ಹಿರಿಯರು 1974ರ ನೆರೆಯನ್ನು ಇಂದಿಗೂ ನಿನ್ನೆ ನಡೆದಂತೆ ವಿವರಿಸುತ್ತಾರೆ. ನೀರು ಎಲ್ಲಿಯವರೆಗೆ ಬಂತು, ಯಾವ ದಾರಿ ಮೊದಲು ಮುಚ್ಚಿತು, ಯಾವ ಗುಡ್ಡ ಗಟ್ಟಿ ಎಂಬುದೆಲ್ಲ ಅವರಿಗೆ ಗೊತ್ತು. ಹಿರಿಯರೆಂದರೆ ಹೊತ್ತು ಸಾಗಿಸಬೇಕಾದವರು ಮಾತ್ರವಲ್ಲ. ಪಟ್ಟಿ ಮಾಡಲು ಹೋದ ಯುವಕರು ಈ ಪ್ರಶ್ನೆಗಳನ್ನೂ ಕೇಳಿ ಬರೆದುಕೊಳ್ಳಲಿ.

ಆ ತಾಯಿ ಈಗ ಮಗಳ ಮನೆಯ ಪಕ್ಕದ ಒಂದು ಕೋಣೆಯಲ್ಲಿದ್ದಾರೆ. ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ನೀಲಿ ಚೀಲ ತೂಗಾಡುತ್ತಿದೆ. ಅದರಲ್ಲಿ ಕಾಗದಗಳಿವೆ, ಹತ್ತು ದಿನದ ಮಾತ್ರೆಗಳಿವೆ, ಒಂದು ಜೊತೆ ಬಟ್ಟೆ, ಒಂದು ಟಾರ್ಚ್ ಮತ್ತು ನಮಾಝ್‌ನ ಬಿಳಿ ಮಕ್ಕನ ಇದೆ. ಕಳೆದ ಸಲ ಹೋದಾಗ ಅವರೇ ಚೀಲ ಬಿಚ್ಚಿ ಒಂದೊಂದಾಗಿ ತೋರಿಸಿದರು. ಆಡುಗಳ ಬಗ್ಗೆ ಮಾತ್ರ ಇನ್ನೂ ಏನೂ ತೀರ್ಮಾನವಾಗಿಲ್ಲವಂತೆ.